ವಿಶ್ವೇಶ್ವರಯ್ಯನವರ ಹೆಸರಿನಲ್ಲಿ, ನಾಲೆಯ ಕೊನೆಯಿಂದ

ರಾಜ್ಯದ ನೀರಾವರಿ ನಾಲೆಗಳ ಹೊಣೆ ಹೊತ್ತಿರುವ ಎಲ್ಲ ಎಂಜಿನಿಯರುಗಳಿಗೆ,

ವಿಷಯ: ಎಂಜಿನಿಯರುಗಳ ದಿನಾಚರಣೆ ಹಾಗೂ ನಾಲೆಯ ಕೊನೆ ಭಾಗದ ಜಮೀನುಗಳಿಗೆ ನೀರು ತಲುಪದಿರುವ ಬಗ್ಗೆ.

ಮಾನ್ಯರೇ,

ಸೆಪ್ಟೆಂಬರ್ 15 ಬಂತೆಂದರೆ ನಿಮ್ಮ ಕಚೇರಿಗಳಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹೂವಿನ ಹಾರ ಬೀಳುತ್ತದೆ. ಭಾಷಣಗಳಾಗುತ್ತವೆ. ಕನ್ನಂಬಾಡಿ ಕಟ್ಟೆಯ, ಅಂದರೆ ಕೃಷ್ಣರಾಜಸಾಗರದ ಉದ್ದ, ಎತ್ತರ, ಅದು ಹಿಡಿಯುವ ನೀರು, ಎಲ್ಲವನ್ನೂ ಹೆಮ್ಮೆಯಿಂದ ಹೇಳುತ್ತೀರಿ. ಹೇಳಲೇಬೇಕು. ಆದರೆ ಅದೇ ಸೆಪ್ಟೆಂಬರ್ ನಡುವಿನ ಹೊತ್ತಿಗೆ ನಮ್ಮಂಥ ಕೊನೆ ಭಾಗದ ಊರುಗಳಲ್ಲಿ ಒಟ್ಲು ಬಲಿತು ಗಂಟು ಕಟ್ಟುತ್ತಿರುತ್ತದೆ. ಗದ್ದೆಗೆ ನೀರು ಬಂದಿರುವುದಿಲ್ಲ. ನಾಟಿಗೆ ಗೊತ್ತು ಮಾಡಿದ ಹೆಣ್ಣಾಳುಗಳು ಮೇಲಿನ ಊರಿಗೆ ಹೋಗಿರುತ್ತಾರೆ. ಈ ಎರಡು ಸಂಗತಿಗಳಿಗೂ ಸಂಬಂಧವಿದೆ ಎಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ಕಾವೇರಿ ಕೊಳ್ಳದ ಒಂದು ಉಪನಾಲೆಯ ಕೊನೆಯಲ್ಲಿ ಭತ್ತ, ರಾಗಿ ಬೆಳೆಯುವ ರೈತ. ಉಪನಾಲೆಯ ಹೆಸರನ್ನಾಗಲಿ, ಅದನ್ನು ನೋಡಿಕೊಳ್ಳುವ ಕಚೇರಿಯ ಹೆಸರನ್ನಾಗಲಿ ಬರೆಯುತ್ತಿಲ್ಲ. ಬರೆದರೆ ಅಲ್ಲಿರುವ ಒಬ್ಬಿಬ್ಬರು ಕೆಳಹಂತದ ನೌಕರರ ಮೇಲೆ ನೋಟಿಸು ಹೋಗಿ ವಿಷಯ ಅಲ್ಲಿಗೇ ಮುಗಿದುಹೋಗುತ್ತದೆ. ಬೇರೆ ಜಿಲ್ಲೆಗಳ ರೈತರ ಜೊತೆ ಮಾತಾಡಿದಾಗ, ತುಂಗಭದ್ರೆಯ ಕಡೆಯವರಾಗಲಿ ಭದ್ರೆಯ ಕಡೆಯವರಾಗಲಿ, ಇದೇ ಕಥೆಯನ್ನು ಹೇಳಿದ್ದಾರೆ.

ವಿಶ್ವೇಶ್ವರಯ್ಯನವರ ಬಗ್ಗೆ ನಮ್ಮೂರಿನ ಶಾಲೆಯ ಗೋಡೆಯಲ್ಲಿ ಬರೆದಿರುವುದು, ಭಾಷಣಗಳಲ್ಲಿ ಕೇಳುವುದು, ಎಲ್ಲವೂ ಅವರು ಕಟ್ಟಿದ್ದರ ಬಗ್ಗೆಯೇ. ಅವರು ನೀರನ್ನು ಹೇಗೆ ಹಂಚಿದರು ಎಂಬುದನ್ನು ಯಾರೂ ಹೇಳುವುದಿಲ್ಲ. ನನ್ನ ದೃಷ್ಟಿಯಲ್ಲಿ ಅವರ ದೊಡ್ಡ ಕೆಲಸ ಅದೇ.

1884ರಲ್ಲಿ ಬೊಂಬಾಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಎಂಜಿನಿಯರಾಗಿ ಸೇರಿದ ಅವರು, ಮುಂದೆ ಪುಣೆಯಲ್ಲಿ ನೀರಾವರಿಯ ಹೊಣೆ ಹೊತ್ತರು. ಆಗ ನೀರಾ ನಾಲೆಯ ಕೆಳಗಿನ ಪರಿಸ್ಥಿತಿ ಹೇಗಿತ್ತೆಂದು ಓದಿದಾಗ ನನಗೆ ನಮ್ಮ ನಾಲೆಯೇ ಕಣ್ಣಿಗೆ ಕಟ್ಟಿತು. ನಾಲೆಯ ತಲೆಭಾಗದ ಕೆಲವೇ ಊರುಗಳವರು ಮೇಲಿಂದ ಮೇಲೆ ಕಬ್ಬು ಹಾಕುತ್ತಿದ್ದರು. ವರ್ಷವಿಡೀ ನೀರು ನಿಂತು ನೆಲ ಜೌಗಾಗುತ್ತಿತ್ತು, ಸೊಳ್ಳೆ ಹೆಚ್ಚಿ ಮಲೇರಿಯಾ ಹರಡುತ್ತಿತ್ತು. ಮುಂದಿನ ಊರುಗಳಿಗೆ ಮಾತ್ರ ನೀರು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ.

ಇದಕ್ಕೆ ಅವರು 1899ರಲ್ಲಿ ಮುಂದಿಟ್ಟ ಉಪಾಯವೇ ಬ್ಲಾಕ್ ಪದ್ಧತಿ. ಒಂದೆರಡು ಊರಿಗೆ ಬೇಕಾದಷ್ಟು ಕೊಡುವುದನ್ನು ಬಿಟ್ಟು, ನಾಲೆಯುದ್ದಕ್ಕೂ ಇರುವ ಹೆಚ್ಚು ಊರುಗಳಿಗೆ ಹಂಚುವುದು. ಪ್ರತಿ ಊರಿನಲ್ಲೂ ಎಲ್ಲೆಂದರಲ್ಲಿ ನೀರು ಹರಿಸದೆ, ಒಳ್ಳೆಯ ಮಣ್ಣಿರುವ ಜಮೀನನ್ನು ಒಂದು ಬ್ಲಾಕಾಗಿ ಗುರುತಿಸುವುದು. ಆ ಬ್ಲಾಕಿನೊಳಗೆ ಮೂರರಲ್ಲಿ ಒಂದು ಪಾಲಿಗೆ ಮಾತ್ರ ಕಬ್ಬು, ಉಳಿದದ್ದರಲ್ಲಿ ಭತ್ತ ಮತ್ತು ಕಡಿಮೆ ನೀರು ಕೇಳುವ ಬೆಳೆ. ವರ್ಷದಿಂದ ವರ್ಷಕ್ಕೆ ಪಾಲು ಬದಲಾಗುತ್ತ ಹೋಗುವುದು. ಇಂಥ ಬ್ಲಾಕಿಗೆ ಇಷ್ಟು ವರ್ಷ ನೀರು ಕೊಡುತ್ತೇವೆ ಎಂದು ಮೊದಲೇ ಮಾತು ಕೊಡುವುದು. ಬಿತ್ತುವ ಮೊದಲೇ ತನ್ನ ಪಾಲಿನ ನೀರು ಎಷ್ಟು, ಯಾವಾಗ ಎಂದು ರೈತನಿಗೆ ಗೊತ್ತಿರಬೇಕು. ಪದ್ಧತಿಯ ಜೀವಾಳ ಇಷ್ಟೇ.

ಇದನ್ನು ಒಪ್ಪಿಸುವುದು ಸುಲಭವಿರಲಿಲ್ಲ. ತಲೆಭಾಗದಲ್ಲಿ ಬೇಕಾದಷ್ಟು ನೀರು ಬಳಸಿ ರೂಢಿಯಾದವರು ಸರದಿಗೆ ಒಪ್ಪುವುದು ಯಾವ ಕಾಲದಲ್ಲೂ ಕಷ್ಟವೇ. ವಿಶ್ವೇಶ್ವರಯ್ಯನವರು ಕೂತು ಮಾತಾಡಿದರು, ಅಂಕಿಅಂಶ ಇಟ್ಟು ವಾದಿಸಿದರು, ಸರ್ಕಾರಕ್ಕೆ ಟಿಪ್ಪಣಿ ಬರೆದರು. ಸರ್ ಕಾಲಿನ್ ಸ್ಕಾಟ್ ಮಾಂಕ್ರೀಫ್ ಅಧ್ಯಕ್ಷತೆಯ ನೀರಾವರಿ ಆಯೋಗ 1901ರಲ್ಲಿ ವಿಚಾರಣೆ ಆರಂಭಿಸಿದಾಗ ಅದರ ಮುಂದೆಯೂ ಸಾಕ್ಷ್ಯ ಹೇಳಿದರು. ಪುಣೆಯ ಬಳಿಯ ಖಡಕವಾಸ್ಲಾ ಜಲಾಶಯಕ್ಕೆ 1903ರಲ್ಲಿ ಅವರು ಕೂರಿಸಿದ ಸ್ವಯಂಚಾಲಿತ ಗೇಟುಗಳ ಬಗ್ಗೆ ಎಲ್ಲರೂ ಹೇಳುತ್ತಾರೆ. ನೀರು ಒಂದು ಮಟ್ಟ ಮುಟ್ಟಿದಾಗ ತಾವೇ ತೆರೆದು, ಇಳಿದಾಗ ತಾವೇ ಮುಚ್ಚಿಕೊಳ್ಳುವ ಗೇಟುಗಳು ಅವು. ಕಟ್ಟೆಯನ್ನು ಎತ್ತರಿಸದೆಯೇ ಸುಮಾರು ಎಂಟು ಅಡಿ ನೀರು ಹೆಚ್ಚಿಗೆ ನಿಲ್ಲುವಂತಾಯಿತು. ಅದ್ಭುತ ಕೆಲಸ, ನಿಜ. ಆದರೆ ಆ ಗೇಟು ಉಳಿಸಿದ ನೀರು ಯಾರ ಗದ್ದೆಗೆ ಹೋಗಬೇಕು ಎಂದು ತೀರ್ಮಾನಿಸಿದ ಬ್ಲಾಕ್ ಪದ್ಧತಿಯನ್ನು ಬಿಟ್ಟು ಗೇಟನ್ನು ಮಾತ್ರ ಹೊಗಳಿದರೆ ಅವರನ್ನು ಅರ್ಧಕ್ಕೆ ನಿಲ್ಲಿಸಿದ ಹಾಗಾಗುತ್ತದೆ.

ಈ ಪದ್ಧತಿ ನಮ್ಮ ನಾಡಿಗೂ ಬಂತು. ಕನ್ನಂಬಾಡಿಯಿಂದ ಹೊರಟು, ಹುಲಿಕೆರೆಯ ಸುರಂಗದೊಳಗೆ ಗುಡ್ಡ ದಾಟಿ ಮಂಡ್ಯದ ಸೀಮೆಗೆ ನೀರು ತಂದ ಇರ್ವಿನ್ ನಾಲೆಯ ಅಚ್ಚುಕಟ್ಟಿನಲ್ಲಿ ಕಬ್ಬು, ಭತ್ತ, ಕಡಿಮೆ ನೀರು ಕೇಳುವ ಅರೆಖುಷ್ಕಿ ಬೆಳೆಗಳ ಮೂರು ವರ್ಷದ ಸರದಿಯನ್ನು ಇಟ್ಟುಕೊಂಡೇ ನೀರು ಕೊಡಲಾಯಿತು. ಆ ನಾಲೆಗೇ ಮುಂದೆ ವಿಶ್ವೇಶ್ವರಯ್ಯನವರ ಹೆಸರಿಟ್ಟರು. ಮದರಾಸಿನ ಜೊತೆ ಆದ 1924ರ ಕಾವೇರಿ ಒಪ್ಪಂದದಲ್ಲಿ ಕೃಷ್ಣರಾಜಸಾಗರದ ಕೆಳಗೆ ಮೈಸೂರಿಗೆ ಹೊಸದಾಗಿ ಒಪ್ಪಿದ್ದು 1,25,000 ಎಕರೆ. ಸಿಕ್ಕ ನೀರಿಗೆ ಲೆಕ್ಕವಿತ್ತು, ಆದ್ದರಿಂದ ಹಂಚಿಕೆಗೂ ಲೆಕ್ಕವಿತ್ತು.

ಇನ್ನು ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ನಮ್ಮ ಉಪನಾಲೆ ದೊಡ್ಡ ನಾಲೆಯಿಂದ ಕವಲೊಡೆಯುವಲ್ಲಿ ಒಂದು ತೂಬು ಇದೆ. ಗೇಟನ್ನು ಎತ್ತಿ ಇಳಿಸುವ ತಿರುಪಿನ ಕಂಬಿ ಬಾಗಿದೆ, ಅದನ್ನು ತಿರುಗಿಸುವ ಚಕ್ರ ಹೋಗಿ ಎಷ್ಟೋ ವರ್ಷವಾಯಿತು. ಕಬ್ಬಿಣದ ಹಲಗೆ ಅರ್ಧಕ್ಕೆ ಸಿಕ್ಕಿಕೊಂಡಿದ್ದು, ಮೇಲೂ ಹೋಗದು, ಕೆಳಗೂ ಬಾರದು. ನೀರು ಬೇಡವಾದವರು ಅಲ್ಲಿಗೆ ಗೊಬ್ಬರದ ಚೀಲದಲ್ಲಿ ಮರಳು ತುಂಬಿ ಒಡ್ಡುತ್ತಾರೆ, ಬೇಕಾದವರು ರಾತ್ರಿ ಬಂದು ಕಿತ್ತು ಹಾಕುತ್ತಾರೆ. ತೂಬಿನ ಪಕ್ಕದ ಗೋಡೆಯಲ್ಲಿ ಹಿಂದೆ ನೀರಿನ ಮಟ್ಟ ತೋರಿಸುವ ಅಳತೆಪಟ್ಟಿ ಇತ್ತು, ಬಿಳಿಯ ಮೇಲೆ ಕಪ್ಪು ಅಂಕಿ. ನಾಲೆ ಆಧುನೀಕರಣ ಎಂದು ಗೋಡೆಗೆ ಗಿಲಾವು ಮಾಡಿದಾಗ ಅಂಕಿಗಳ ಮೇಲೆಯೇ ಸಿಮೆಂಟು ಬಳಿದರು. ಒಂದು ಮೂಲೆಯಲ್ಲಿ ಪಟ್ಟಿಯ ತುದಿ ಒಂದಿಷ್ಟು ಕಾಣುತ್ತದೆ, ಅಷ್ಟೆ. ಅಂದಿನಿಂದ ನಮ್ಮ ಉಪನಾಲೆಗೆ ಎಷ್ಟು ನೀರು ಬರುತ್ತಿದೆ ಎಂದು ಅಲ್ಲಿ ನಿಂತು ಓದಬಲ್ಲವರು ಯಾರೂ ಇಲ್ಲ. ತೂಬು ನೋಡಿಕೊಂಡು ನೀರು ಬಿಡುವ ಸೌಡಿಯನ್ನು ಕೇಳಿದರೆ, "ಮೇಲಿಂದ ಬಿಟ್ಟವ್ರೆ ಅಣ್ಣ, ಬತ್ತದೆ" ಎನ್ನುತ್ತಾನೆ. ಅವನದು ತಪ್ಪಿಲ್ಲ. ಅವನು ಹೊರಗುತ್ತಿಗೆಯವನು, ಒಬ್ಬನೇ ಹಲವು ಊರುಗಳ ತೂಬು ನೋಡಬೇಕು, ಸಂಬಳ ತಿಂಗಳುಗಟ್ಟಲೆ ಬರುವುದಿಲ್ಲ.

ಹೂಳಿನ ವಿಚಾರ ಇನ್ನೂ ಬೇಸರದ್ದು. ಬೇಸಿಗೆಯಲ್ಲಿ ನಾಲೆ ಒಣಗಿ ಕೆಲಸ ಮಾಡಲು ಹದವಾಗಿರುವಾಗ ಯಾರೂ ಬರುವುದಿಲ್ಲ. ಮಳೆ ಹಿಡಿದು, ನೀರು ಬಿಡುವ ದಿನ ಗೊತ್ತಾದ ಮೇಲೆ ಜೆಸಿಬಿ ಬರುತ್ತದೆ. ತೆಗೆದ ಹೂಳನ್ನು ಸಾಗಿಸುವುದಿಲ್ಲ, ಏರಿಯ ಮೇಲೆಯೇ ಸುರಿಯುತ್ತಾರೆ. ನಾಲ್ಕು ಮಳೆಗೆ ಅದು ಮತ್ತೆ ನಾಲೆಗೇ ಇಳಿಯುತ್ತದೆ. ಮುಂದಿನ ವರ್ಷ ಅದೇ ಹೂಳನ್ನು ಮತ್ತೊಮ್ಮೆ ತೆಗೆಯಬೇಕಾಗುತ್ತದೆ.

ಮೇಲ್ಭಾಗದಲ್ಲಿ ಏರಿ ಹತ್ತಿ ಇಳಿಯುವ ಪೈಪುಗಳು ಹಗಲಲ್ಲೇ ಕಾಣುತ್ತವೆ. ಅಚ್ಚುಕಟ್ಟಿಗೆ ಸೇರದ ಜಮೀನಿಗೆ, ತೋಟಕ್ಕೆ, ಕೆಲವು ಕಡೆ ಟ್ಯಾಂಕರಿಗೂ ನಾಲೆಯ ನೀರು ಹೋಗುತ್ತದೆ. ಕಟ್ಟು ಪದ್ಧತಿಯಲ್ಲಿ ಇಷ್ಟು ದಿನ ನೀರು, ಇಷ್ಟು ದಿನ ಬಂದ್ ಎಂದು ಪತ್ರಿಕೆಯಲ್ಲಿ ಪ್ರಕಟಣೆ ಕೊಡುತ್ತೀರಿ. ನಾಲೆಗೆ ನೀರು ಬಿಟ್ಟ ದಿನದಿಂದ ಕಟ್ಟಿನ ಲೆಕ್ಕ ಶುರುವಾಗುತ್ತದೆ, ನಮ್ಮ ತುದಿಗೆ ನೀರು ಮುಟ್ಟುವ ಹೊತ್ತಿಗೆ ಕಟ್ಟು ಮುಗಿಯುತ್ತ ಬಂದಿರುತ್ತದೆ. ಕಾಗದದಲ್ಲಿ ನಮಗೂ ನೀರು ಸಿಕ್ಕಂತೆಯೇ. ನೀರಿನ ಕರದ ನೋಟಿಸು ಮಾತ್ರ ತಲೆಭಾಗದವರಿಗೂ ನಮಗೂ ಒಂದೇ ದಿನ ತಲುಪುತ್ತದೆ.

ಅಕ್ರಮವಾಗಿ ನಾಲೆಯಿಂದ ನೀರೆತ್ತುವುದನ್ನು ತಡೆಯಲು, ಕೊನೆ ಭಾಗದ ರೈತರಿಗೆ ನೀರು ಮುಟ್ಟಿಸಲು ಎಂದೇ 2024ರಲ್ಲಿ ಕರ್ನಾಟಕ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದರು. ಆ ಸುದ್ದಿ ಓದಿದ ದಿನ ನಮ್ಮೂರಿನ ಅರಳಿಕಟ್ಟೆಯಲ್ಲಿ ಎಲ್ಲರೂ ಸಂತೋಷಪಟ್ಟೆವು. ಕಾನೂನಿನ ಕೊರತೆ ನಿಮಗೆ ಈಗಿಲ್ಲ. ಆದರೆ ನಮ್ಮ ನಾಲೆಯ ಏರಿಯ ಮೇಲಿನ ಪೈಪುಗಳು ಇದ್ದಲ್ಲೇ ಇವೆ.

ಇದೆಲ್ಲ ನಿಮ್ಮೊಬ್ಬರ ಕೈಯಲ್ಲಿಲ್ಲ ಎಂಬುದು ನನಗೆ ಗೊತ್ತಿದೆ. ಪೈಪು ಕೀಳಲು ಹೋದ ಕಿರಿಯ ಎಂಜಿನಿಯರಿಗೆ ಅಲ್ಲೇ ಫೋನು ಬಂದು, ಸಪ್ಪೆ ಮುಖ ಹೊತ್ತು ಜೀಪು ಹತ್ತಿದ್ದನ್ನು ನಾನೇ ನೋಡಿದ್ದೇನೆ. ಖಾಲಿ ಹುದ್ದೆಗಳು, ವರ್ಗಾವಣೆಯ ಹೆದರಿಕೆ, ಗುತ್ತಿಗೆದಾರರ ಕಾಟ, ಎಲ್ಲವೂ ನಿಜ. ಹಾಗಾಗಿಯೇ ನಿಮ್ಮನ್ನು ದೂರುವುದಕ್ಕಿಂತ ಹೆಚ್ಚಾಗಿ ನಿಮ್ಮ ಪರವಾಗಿ ನಿಲ್ಲುವುದಕ್ಕೆ ಈ ಪತ್ರ. ನಿಮ್ಮ ಕೈಯಲ್ಲಿ ಅಳತೆ ಇದ್ದರೆ, ಅದು ಊರಿಗೆಲ್ಲ ಗೊತ್ತಿದ್ದರೆ, ಫೋನು ಮಾಡುವವರ ಬಾಯಿ ತಾನಾಗಿ ಕಟ್ಟುತ್ತದೆ. ವಿಶ್ವೇಶ್ವರಯ್ಯನವರ ಬಲ ಇದ್ದದ್ದೂ ಅಲ್ಲೇ.

ಹೈದರಾಬಾದಿನ ಉದಾಹರಣೆ ನೋಡಿ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ನಗರವನ್ನು ನುಂಗಿತು, ಸಾವಿರಾರು ಜನ ಸತ್ತರು. ನಿಜಾಮರ ಸರ್ಕಾರ ಕರೆಸಿಕೊಂಡದ್ದು ಆಗಷ್ಟೇ ಬೊಂಬಾಯಿಯ ಸೇವೆಯಿಂದ ಹೊರಬಂದಿದ್ದ ವಿಶ್ವೇಶ್ವರಯ್ಯನವರನ್ನು. ಬೇರೆ ಯಾರಾದರೂ ಆಗಿದ್ದರೆ ನಗರದೊಳಗೆ ನದಿಯ ದಡಕ್ಕೆ ಗೋಡೆ ಕಟ್ಟಿಸಿ ಹೊರಡುತ್ತಿದ್ದರೇನೋ. ಅವರು ನದಿಯ ಮೇಲ್ಭಾಗಕ್ಕೆ ಹೋದರು. ಜಲಾನಯನ ಪ್ರದೇಶದಲ್ಲಿ ಎಷ್ಟು ಕೆರೆಗಳಿವೆ ಎಂದು ಲೆಕ್ಕ ಹಾಕಿದರು: 788. ಅವುಗಳಲ್ಲಿ ಆ ಮಳೆಗೆ ಒಡೆದವೆಷ್ಟು ಎಂದು ಲೆಕ್ಕ ಹಾಕಿದರು: 221. ಮಳೆ ಎಷ್ಟು ಬಿತ್ತು, ಯಾವ ಹೊತ್ತಿಗೆ ಎಲ್ಲಿ ನೀರು ಎಷ್ಟೆತ್ತರ ಬಂತು ಎಂಬುದನ್ನು ಕೂಡಿಸಿದ ಮೇಲಷ್ಟೇ ನಗರದ ಮೇಲ್ಗಡೆ ನೀರು ತಡೆಯುವ ಜಲಾಶಯಗಳಾಗಬೇಕು ಎಂದು 1909ರಲ್ಲಿ ವರದಿ ಕೊಟ್ಟರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಹುಟ್ಟಿದ್ದು ಹಾಗೆ. ಒಡೆದ ಒಂದೊಂದು ಕೆರೆಯನ್ನೂ ಎಣಿಸಿದ ಮನುಷ್ಯನ ಹೆಸರಿನಲ್ಲಿ ಹಬ್ಬ ಮಾಡುವ ನಾವು, ನಮ್ಮ ಒಂದು ಉಪನಾಲೆಯ ತೂಬುಗಳಲ್ಲಿ ಎಷ್ಟು ಕೆಲಸ ಮಾಡುತ್ತಿವೆ ಎಂದು ಕೇಳಿದರೆ ಉತ್ತರ ಕೊಡಲಾರೆವು.

ಸಿಂಧ್ ಪ್ರಾಂತ್ಯದ ಸಕ್ಕರ್ ಊರಿನ ಕುಡಿಯುವ ನೀರಿನ ಕಥೆಯನ್ನೂ ನೆನಪಿಸಬೇಕು. ಸಿಂಧೂ ನದಿಯ ನೀರು ರಾಡಿ. ದೊಡ್ಡ ಶೋಧಕ ತೊಟ್ಟಿಗಳನ್ನು ಕಟ್ಟಿಸುವಷ್ಟು ಹಣ ಆ ಊರಿನ ಪುರಸಭೆಗೆ ಇರಲಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲಿಯೇ ಬಾವಿ ತೋಡಿಸಿ, ಮರಳಿನೊಳಗಿಂದ ಜಿನುಗಿ ತಿಳಿಯಾದ ನೀರನ್ನು ಊರಿಗೆ ಎತ್ತಿಸಿದರು. ಹಣವಿಲ್ಲ ಎಂಬುದು ಅವರ ಮಟ್ಟಿಗೆ ಕೆಲಸ ನಿಲ್ಲಿಸುವ ಕಾರಣವಾಗಿರಲಿಲ್ಲ. ಹಾಗೆ ನೋಡಿದರೆ ಅಳತೆಪಟ್ಟಿಗೆ ಮತ್ತೆ ಅಂಕಿ ಬರೆಸುವ ಖರ್ಚೆಷ್ಟು?

ವಿಶ್ವೇಶ್ವರಯ್ಯನವರನ್ನು ದೇವರು ಮಾಡುವುದು ನನಗೆ ಬೇಕಿಲ್ಲ. ಕನ್ನಂಬಾಡಿಯನ್ನು ಅವರೊಬ್ಬರೇ ಕಟ್ಟಿದರು ಎಂಬ ಮಾತಿನಲ್ಲಿ ನನಗೆ ನಂಬಿಕೆಯಿಲ್ಲ. ಅದರ ಹಿಂದೆ ನಾಲ್ವಡಿ ಕೃಷ್ಣರಾಜ ಒಡೆಯರ ಸಂಕಲ್ಪವಿತ್ತು, ವಿಶ್ವೇಶ್ವರಯ್ಯನವರ ನಂತರ ಕೆಲಸ ಮುಂದುವರಿಸಿದ ಎಂಜಿನಿಯರುಗಳಿದ್ದರು, ಗಾರೆ ಅರೆದು ಕಲ್ಲು ಹೊತ್ತ ಸಾವಿರಾರು ಕೂಲಿಕಾರರಿದ್ದರು, ಊರು ಬಿಟ್ಟುಕೊಟ್ಟ ಮುಳುಗಡೆಯ ಜನರಿದ್ದರು. ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವ ವಿಚಾರದಲ್ಲಿ ಒಡೆಯರ ನಿಲುವೇ ಸರಿ, ಆಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರದ್ದಲ್ಲ ಎಂದೇ ನಾನು ತಿಳಿದಿದ್ದೇನೆ. ಅವರು 1918ರಲ್ಲಿ ದಿವಾನಗಿರಿ ಬಿಟ್ಟದ್ದಕ್ಕೆ ಆ ಭಿನ್ನಾಭಿಪ್ರಾಯವೂ ಕಾರಣ. ಆದರೆ ನೀರಿನ ವಿಷಯದಲ್ಲಿ, ಸಿಕ್ಕ ನೀರು ಹೆಚ್ಚು ಜನಕ್ಕೆ ಮುಟ್ಟಬೇಕು ಎಂದು ಅವರು ಹಿಡಿದ ಹಟ ಕೊನೆ ಭಾಗದವನಾದ ನನಗೆ ತೀರಾ ಬೇಕಾದದ್ದು.

ನಿಗಾ ತಪ್ಪಿದರೆ ಏನಾಗುತ್ತದೆ ಎಂಬುದನ್ನು 2024ರ ಆಗಸ್ಟ್ 10ರ ರಾತ್ರಿ ಇಡೀ ರಾಜ್ಯ ನೋಡಿತು. ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದ ನೀರನ್ನು ಕೈಯಾರೆ ನದಿಗೆ ಬಿಡಬೇಕಾಯಿತು. ಆ ದಿನಗಳಲ್ಲಿ ಅಚ್ಚುಕಟ್ಟಿನ ರೈತರಿಗೆ ನಿದ್ದೆಯಿರಲಿಲ್ಲ. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟಿನ ತುಂಡುಗಳನ್ನು ಇಳಿಸಿ ನೀರು ನಿಲ್ಲಿಸಿದ ತಂಡದ ಮುಂದೆ ನಿಂತಿದ್ದವರು ಗೇಟುಗಳ ಕೆಲಸದಲ್ಲೇ ಬದುಕು ಸವೆಸಿದ ಹಿರಿಯರಾದ ಕನ್ನಯ್ಯ ನಾಯ್ಡು ಅವರು. ಅವರ ಜೊತೆ ನೀರಿನ ಮೇಲೆ ತೂಗಾಡುತ್ತ ಕೆಲಸ ಮಾಡಿದ ಕಾರ್ಮಿಕರಿಗೆ ನಾವೆಲ್ಲ ಕೈಮುಗಿದೆವು. ಆದರೆ ಅಂಥ ಒಂದು ಸರಪಳಿಯನ್ನು ಬೇಸಿಗೆಯಲ್ಲೇ ಪರೀಕ್ಷಿಸಿ, ಸವೆದದ್ದನ್ನು ಬದಲಿಸಿ, ಯಾವ ಅನಾಹುತವೂ ಆಗದಂತೆ ನೋಡಿಕೊಂಡ ಎಂಜಿನಿಯರನ್ನು ಗುರುತಿಸಿ ಕರೆದು ಶಾಲು ಹೊದಿಸಿದ್ದನ್ನು ನಾನು ಇದುವರೆಗೆ ಕೇಳಿಲ್ಲ. ಹೊಸದು ಕಟ್ಟಿದವರಿಗಷ್ಟೇ ಹೆಸರು, ಇದ್ದದ್ದನ್ನು ಕಾಪಾಡಿದವರಿಗೆ ಇಲ್ಲ ಎನ್ನುವ ರೂಢಿ ನಿಲ್ಲದೆ ನಮ್ಮ ತೂಬಿನ ಚಕ್ರ ವಾಪಸು ಬರುವುದಿಲ್ಲ.

ಹಾಗಾಗಿ ಈ ಬಾರಿಯ ಎಂಜಿನಿಯರುಗಳ ದಿನಕ್ಕೆ ನನ್ನ ಬೇಡಿಕೆಗಳು ದೊಡ್ಡವಲ್ಲ. ಮೊದಲಿಗೆ, ಪ್ರತಿ ಉಪನಾಲೆಯ ತಲೆಯಲ್ಲೂ ನಡುವಿನಲ್ಲೂ ತುದಿಯಲ್ಲೂ ಅಳತೆಪಟ್ಟಿ ಮತ್ತೆ ಹಾಕಿಸಿ. ನೀರು ಬಿಟ್ಟಷ್ಟು ದಿನವೂ ಮೂರು ಕಡೆಯ ಅಳತೆಯನ್ನು ಕನ್ನಡದಲ್ಲಿ, ಗ್ರಾಮ ಪಂಚಾಯಿತಿಯ ಬೋರ್ಡಿನ ಮೇಲೆ ಮತ್ತು ನೀರು ಬಳಕೆದಾರರ ಸಂಘದ ವಾಟ್ಸಾಪ್ ಗುಂಪಿನಲ್ಲಿ ಹಾಕಿ. ತಲೆಯಲ್ಲಿ ಎಷ್ಟು ಬಿಟ್ಟಿರಿ, ತುದಿಗೆ ಎಷ್ಟು ಮುಟ್ಟಿತು ಎಂದು ನಾವೇ ಓದಿಕೊಳ್ಳುತ್ತೇವೆ. ನಡುವೆ ಕಡಿಮೆಯಾದದ್ದು ಎಲ್ಲಿ ಎಂದು ನಾವೇ ನಡೆದು ನೋಡಿ ನಿಮಗೆ ತಿಳಿಸುತ್ತೇವೆ.

ಕಟ್ಟಿನ ಲೆಕ್ಕವನ್ನು ತುದಿಗೆ ನೀರು ಮುಟ್ಟಿದ ದಿನದಿಂದ ಹಿಡಿಯಿರಿ. ಕೊನೆಯಿಂದ ಶುರುಮಾಡಿ ಮೇಲಕ್ಕೆ ನೀರು ಕೊಡುತ್ತ ಬರುವ ಕ್ರಮವನ್ನು ಒಂದು ಹಂಗಾಮಿಗಾದರೂ ಒಂದು ಉಪನಾಲೆಯಲ್ಲಿ ಮಾಡಿ ನೋಡಿ. ತಲೆಭಾಗದ ರೈತರು ನಮ್ಮ ಶತ್ರುಗಳಲ್ಲ, ನೆಂಟರೇ. ಅಲ್ಲಿನ ಗದ್ದೆಗಳು ನೀರು ಹೆಚ್ಚಾಗಿ ಚೌಳಾಗುತ್ತಿವೆ, ಇಲ್ಲಿನವು ನೀರಿಲ್ಲದೆ ಬೀಳು ಬೀಳುತ್ತಿವೆ. ಅವರ ಜೊತೆ ಕೂತು ಮಾತಾಡಲು ನಾವು ಸಿದ್ಧರಿದ್ದೇವೆ, ನಡುವೆ ಕೂರಲು ಅಳತೆ ಹಿಡಿದ ಎಂಜಿನಿಯರೊಬ್ಬರು ಬೇಕು.

ಹೂಳೆತ್ತುವ ಕೆಲಸ ಬೇಸಿಗೆಯಲ್ಲೇ, ನಾಲೆ ಒಣಗಿದ್ದಾಗ ಮುಗಿಯಲಿ. ತೆಗೆದ ಹೂಳು ಏರಿಯಿಂದಾಚೆ ಹೋಗಲಿ. ನಮ್ಮ ಹೊಲಗಳಿಗೆ ಅದೇ ಗೊಬ್ಬರ, ಟ್ರ್ಯಾಕ್ಟರ್ ನಾವೇ ತರುತ್ತೇವೆ. ಬಿಲ್ಲು ಪಾಸು ಮಾಡುವ ಮೊದಲು ಊರಿನ ನೀರು ಬಳಕೆದಾರರ ಸಂಘದವರನ್ನು ಸ್ಥಳಕ್ಕೆ ಕರೆದು ತೋರಿಸಿ. ಸೌಡಿಗಳ ಖಾಲಿ ಜಾಗಗಳನ್ನು ತುಂಬಿ, ಅವರ ಸಂಬಳ ತಿಂಗಳಿಗೆ ತಿಂಗಳು ಕೊಡಿಸಿ. ತೂಬಿನ ಬಳಿ ದಿನಾ ನಿಲ್ಲುವವನು ಅವನೇ. ಅವನಿಗೆ ಗೌರವವಿಲ್ಲದಿದ್ದರೆ ನಿಮ್ಮ ನಕಾಶೆ, ಯೋಜನೆ ಯಾವುದೂ ಗದ್ದೆಗೆ ಇಳಿಯುವುದಿಲ್ಲ.

ಮತ್ತು ಆಚರಣೆಯನ್ನು ಕಚೇರಿಯ ಸಭಾಂಗಣದಿಂದ ಒಂದು ವರ್ಷವಾದರೂ ಹೊರಗೆ ತನ್ನಿ. ನಿಮ್ಮ ನಿಮ್ಮ ವಿಭಾಗದ ಯಾವುದಾದರೂ ಉಪನಾಲೆಯ ಕೊನೆಯ ತೂಬಿನ ಹತ್ತಿರ ಬನ್ನಿ. ವಿಶ್ವೇಶ್ವರಯ್ಯನವರ ಚಿತ್ರವನ್ನು ಅಲ್ಲೇ ಇಟ್ಟು ಹಾರ ಹಾಕೋಣ. ಎಂಜಿನಿಯರಿಂಗ್ ಓದುತ್ತಿರುವ ಹುಡುಗ ಹುಡುಗಿಯರನ್ನೂ ಕರೆತನ್ನಿ. ಅವರು ಕಲಿಯುತ್ತಿರುವ ವಿದ್ಯೆ ಯಾರ ಬದುಕಿಗೆ ಸೇರುತ್ತದೆ ಎಂದು ಅವರೂ ನೋಡಲಿ. ಕಳೆದ ಹಂಗಾಮಿನ ಅಳತೆಯ ಪುಸ್ತಕ ತೆಗೆದು, ಬಂದ ನೀರೆಷ್ಟು, ಹಂಚಿದ್ದೆಷ್ಟು ಎಂದು ರೈತರ ಮುಂದೆ ಓದಿ ಹೇಳಿ. ಊಟದ ವ್ಯವಸ್ಥೆ ನಮ್ಮದು.

ಈ ಪತ್ರಕ್ಕೆ ಉತ್ತರ ಬರೆಯಲೇಬೇಕೆಂದು ಕೇಳುತ್ತಿಲ್ಲ. ನಿಮ್ಮ ವ್ಯಾಪ್ತಿಯ ಒಂದೇ ಒಂದು ಉಪನಾಲೆಯ ತಲೆಯ ಮತ್ತು ತುದಿಯ ಅಳತೆಯನ್ನು ಮುಂದಿನ ಕಟ್ಟಿನಿಂದಲೇ ಬೋರ್ಡಿಗೆ ಹಾಕಿಸಿದರೆ ಅದನ್ನೇ ಉತ್ತರ ಎಂದು ತಿಳಿಯುತ್ತೇವೆ.

ವಂದನೆಗಳೊಂದಿಗೆ,

ಇತಿ,
ನಾಲೆಯ ಕೊನೆ ಭಾಗದ ಒಬ್ಬ ರೈತ